ಸೆಮಿನರಿಗಿಂತ ಮೊದಲು ಸಭೆ

ಬೆಳಗಾವಿ ಜಿಲ್ಲೆಯ ಗಡಿಭಾಗದ ಶಿರಗುಪ್ಪಿಯ ಹುಡುಗನೊಬ್ಬ ಸಕ್ಕರೆ ಕಾರ್ಖಾನೆಯಲ್ಲಿ ಕೆಲಸ ಹಿಡಿಯಬೇಕೆಂದರೆ ಯಾವ ಐಟಿಐ, ಯಾವ ಟ್ರೇಡ್ ಎಂದು ಊರಿನ ಹತ್ತು ಮಂದಿ ಹೇಳುತ್ತಾರೆ. ಉಗಾರದ ಕಾರ್ಖಾನೆಯೇ 1939ರಿಂದ ಇದೆ. ಆ ದಾರಿ ಮೂರು ತಲೆಮಾರಿಗೆ ಗೊತ್ತು. ಅದೇ ಹುಡುಗ ‘ನಾ ಪಾಸ್ಟರ್ ಆಗಬೇಕಂತೀನಿ, ಎಲ್ಲಿ ಕಲೀಬೇಕ್ರಿ?’ ಎಂದು ಕೇಳಿದರೆ ಉತ್ತರಗಳು ದಿಕ್ಕಿಗೊಂದು ಹೋಗುತ್ತವೆ. ಮಿರಜದ ಮಾವ ಪುಣೆ ಅನ್ನುತ್ತಾನೆ. ಯುವಜನ ಕೂಟಕ್ಕೆ ಬಂದ ಬೋಧಕರು ಬೆಂಗಳೂರಿನ ಒಂದು ವರ್ಷದ ಬೈಬಲ್ ಸ್ಕೂಲ್ ತೋರಿಸುತ್ತಾರೆ. ಮೊಬೈಲಿನಲ್ಲಿ ಬಂದ ಜಾಹೀರಾತು ಮನೆಯಲ್ಲೇ ಕೂತು ಆರು ತಿಂಗಳಲ್ಲಿ ಸರ್ಟಿಫಿಕೇಟ್ ಅನ್ನುತ್ತದೆ. ಇನ್ನಷ್ಟು ಹಣ ಕಟ್ಟಿದರೆ ಹೆಸರಿನ ಮುಂದೆ ‘ಡಾಕ್ಟರ್’ ಕೂಡ. ಅಪ್ಪನದು ಒಂದೇ ಪ್ರಶ್ನೆ: ‘ಮುಂದ ಹೊಟ್ಟಿಗೆ ಏನ್ ಮಾಡಾಂವಾ?’

ಇವರೆಲ್ಲರ ಪೈಕಿ ಅಪ್ಪನ ಪ್ರಶ್ನೆಯೇ ಸರಿಯಾದ ಕಡೆಗೆ ಮುಖ ಮಾಡಿದೆ: ಓದಿದ ಮೇಲೆ ಕೆಲಸಕ್ಕೆ ಕರೆಯುವವರು ಯಾರು? ಸೆಮಿನರಿ ಪದವಿ ಕೊಡುತ್ತದೆ, ಪಾಸ್ಟರನ್ನು ಮಾಡುವುದಿಲ್ಲ. ಆ ಕೆಲಸ ಸಭೆಯದು. ಯಾವ ಸಭೆ ತನ್ನನ್ನು ಕರೆದು, ದೀಕ್ಷೆ ಕೊಟ್ಟು, ಒಂದು ಊರಿಗೆ ಕಳಿಸುತ್ತದೆ ಎಂಬುದು ಗೊತ್ತಿಲ್ಲದೆ ಕಾಲೇಜಿನ ಅರ್ಜಿ ತುಂಬುವುದು ಹಿಂದುಮುಂದಾದ ಕೆಲಸ.

ಈ ಗಡಿಭಾಗದಲ್ಲಿ ಯಾವ ಸಭೆ ಎಂಬ ಪ್ರಶ್ನೆ ಸಲೀಸಾದುದೂ ಅಲ್ಲ. ಲಂಡನ್ ಮಿಷನ್ನಿನ ಜೋಸೆಫ್ ಟೇಲರ್ 1820ರಲ್ಲಿ ಬೆಳಗಾವಿಯಲ್ಲಿ ಕೆಲಸ ಆರಂಭಿಸಿದರು. ಮುಂದೆ 20ನೆಯ ಶತಮಾನದ ಆರಂಭದಲ್ಲಿ ಆ ಕ್ಷೇತ್ರ ಅಮೆರಿಕದ ಮೆಥಡಿಸ್ಟರ ಕೈಗೆ ಬಂತು. ಜಿಲ್ಲೆಯ ಹಳ್ಳಿಗಳಲ್ಲಿ ಇಂದಿಗೂ ‘ನಮ್ಮದು ಮೆಥಡಿಸ್ಟ್ ಸಭೆ’ ಎನ್ನುವ ಮನೆಗಳಿಗೆ ಅದೇ ಮೂಲ. ಧಾರವಾಡ, ಹುಬ್ಬಳ್ಳಿ, ಗದಗದ ಕಡೆ ಬಾಸೆಲ್ ಮಿಷನ್ ಇತ್ತು. ಅದರ ಸಭೆಗಳು ಈಗ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಉತ್ತರ ಕರ್ನಾಟಕ ಧರ್ಮಪ್ರಾಂತದಲ್ಲಿವೆ. ಗಡಿಯಾಚೆ ಮಿರಜದಲ್ಲಿ ಪ್ರೆಸ್ಬಿಟೇರಿಯನ್ ಮಿಷನ್. 1894ರಲ್ಲಿ ಅಲ್ಲಿ ಆಸ್ಪತ್ರೆ ತೆರೆದ ಡಾ. ವಿಲಿಯಂ ವಾನ್ಲೆಸ್ ಅದೇ ಮಿಷನ್ನಿನವರು. ಅಲ್ಲಿಯ ಆರಾಧನೆ ಮರಾಠಿಯಲ್ಲಿ. ಇವುಗಳ ನಡುವೆ ಕಳೆದ ಕೆಲವು ದಶಕಗಳಲ್ಲಿ ಹುಟ್ಟಿದ ಸ್ವತಂತ್ರ ಪ್ರಾರ್ಥನಾ ಮಂದಿರಗಳು. ಕಥೋಲಿಕರದು ಬೇರೆಯೇ ಲೋಕ: 1953ರಲ್ಲಿ ಸ್ಥಾಪನೆಯಾದ ಬೆಳಗಾವಿ ಧರ್ಮಪ್ರಾಂತ, ತತ್ತ್ವಶಾಸ್ತ್ರ, ದೈವಶಾಸ್ತ್ರ ಎಲ್ಲ ಸೇರಿ ದಶಕ ಹಿಡಿಯುವ ತರಬೇತಿ, ಆಜೀವ ಬ್ರಹ್ಮಚರ್ಯ. ಆ ದಾರಿಗೆ ಹೋಗುವವನಿಗೆ ಗೊಂದಲ ಕಡಿಮೆ, ಏಕೆಂದರೆ ಅಲ್ಲಿ ಕಾಲೇಜನ್ನು ಆರಿಸುವವರು ಅವನ ಮೇಲಿನವರು.

ಮೆಥಡಿಸ್ಟ್ ಮತ್ತು ಸಿಎಸ್‌ಐ ಸಭೆಗಳಲ್ಲೂ ನಿಜವಾಗಿ ನಡೆಯಬೇಕಾದ್ದು ಹೆಚ್ಚುಕಡಿಮೆ ಹಾಗೆಯೇ. ಹುಡುಗನನ್ನು ಮೊದಲು ಗುರುತಿಸಬೇಕಾದವರು ಅವನ ಊರಿನ ಸಭೆಯವರು. ಸಂಡೇ ಸ್ಕೂಲ್ ನಡೆಸಿದ್ದಾನೆಯೇ, ಸಾವಿನ ಮನೆಗೆ ಹೋಗುತ್ತಾನೆಯೇ, ದುಡ್ಡಿನ ವ್ಯವಹಾರದಲ್ಲಿ ಹೇಗೆ ಎಂಬುದು ಅವರಿಗೆ ಗೊತ್ತು. ಅವರ ಶಿಫಾರಸು ಮೇಲಿನ ಸಮಿತಿಗೆ ಹೋಗುತ್ತದೆ, ಅಲ್ಲಿ ಸಂದರ್ಶನ. ಆಯ್ಕೆಯಾದವನನ್ನು ಧರ್ಮಪ್ರಾಂತವೇ ತನ್ನ ಅಭ್ಯರ್ಥಿಯಾಗಿ ಸೆಮಿನರಿಗೆ ಕಳಿಸುತ್ತದೆ. ಮರಳಿ ಬಂದ ಮೇಲೆ ಪರೀಕ್ಷಾರ್ಥ ಸೇವೆ, ಆಮೇಲೆ ಎರಡು ಹಂತದ ದೀಕ್ಷೆ. ಮೆಥಡಿಸ್ಟರಲ್ಲಿ ಇದಕ್ಕೂ ಮುಂಚೆ ಲೋಕಲ್ ಪ್ರೀಚರ್ ಎಂಬ ಮೆಟ್ಟಿಲಿದೆ: ತನ್ನ ಕಸುಬು ಬಿಡದೆ, ಪರವಾನಗಿ ಪಡೆದು ಪ್ರಸಂಗ ಮಾಡುವ ಸಾಮಾನ್ಯ ಸದಸ್ಯ. ಹದಿನೆಂಟರ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಮೊದಲ ಹೆಜ್ಜೆ ನನಗಂತೂ ಕಾಣದು. ಖರ್ಚಿಲ್ಲ, ಊರು ಬಿಡಬೇಕಿಲ್ಲ. ತನಗೆ ಇದು ಒಗ್ಗುತ್ತದೋ ಇಲ್ಲವೋ ಎಂದು ಎರಡು ವರ್ಷದಲ್ಲಿ ಅವನಿಗೂ ತಿಳಿಯುತ್ತದೆ, ಕೇಳುವವರಿಗೂ ತಿಳಿಯುತ್ತದೆ.

ಈ ಮೆಟ್ಟಿಲು ಹತ್ತದೆ, ಸ್ವಂತ ಖರ್ಚಿನಲ್ಲಿ, ಸಾಲ ಮಾಡಿಯೋ ಹೊಲ ಒತ್ತೆಯಿಟ್ಟೋ ಸೆಮಿನರಿಗೆ ಹೋಗುವವರಿದ್ದಾರೆ. ಓದು ಚೆನ್ನಾಗಿಯೇ ಆಗುತ್ತದೆ. ಕೈಯಲ್ಲಿ ಬಿ.ಡಿ. (ಬ್ಯಾಚಲರ್ ಆಫ್ ಡಿವಿನಿಟಿ) ಪದವಿ ಹಿಡಿದು ಬಂದಾಗ ಧರ್ಮಪ್ರಾಂತ ಕೇಳುತ್ತದೆ: ನಿನ್ನನ್ನು ಕಳಿಸಿದವರು ಯಾರು? ಆ ಪ್ರಶ್ನೆಗೆ ಅಂಕಪಟ್ಟಿಯಲ್ಲಿ ಉತ್ತರವಿಲ್ಲ. ಅಂಥವರಲ್ಲಿ ಕೆಲವರು ಶಾಲೆ ಮೇಷ್ಟರಾಗುತ್ತಾರೆ, ಕೆಲವರು ಸಿಟ್ಟಿನಿಂದ ತಮ್ಮದೇ ಪ್ರಾರ್ಥನಾ ಮಂದಿರ ತೆರೆಯುತ್ತಾರೆ.

ಸಭೆ ಕಳಿಸುತ್ತದೆ ಎಂದಾದರೆ ಎಲ್ಲಿಗೆ ಎಂಬ ಮಾತಿಗೆ ಅರ್ಥ ಬರುತ್ತದೆ. ಕನ್ನಡ ನಾಡಿನಲ್ಲಿ ಈ ಓದಿನ ಹಳೆಯ ಬೇರು ಮಂಗಳೂರಿನ ಬಲ್ಮಠದಲ್ಲಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ 1847ರಲ್ಲಿ ಅಲ್ಲಿ ಸೆಮಿನರಿ ತೆರೆಯಿತು. ‘ಮಂಗಳೂರ ಸಮಾಚಾರ’ ಪತ್ರಿಕೆಯ ಹರ್ಮನ್ ಮೋಗ್ಲಿಂಗ್ ಆ ಕಾಲದ ಪ್ರಮುಖರು. ಅವರ ಶಿಷ್ಯ ಆನಂದರಾವ್ ಕೌಂಡಿನ್ಯ ಸಾರಸ್ವತ ಮನೆತನದ ಹುಡುಗ. 1844ರಲ್ಲಿ ದೀಕ್ಷಾಸ್ನಾನ ಪಡೆದು, ಮೋಗ್ಲಿಂಗರ ಜೊತೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಹೋಗಿ, ಅಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಬಂದರು. ಬಂದು ಮಾಡಿದ ಕೆಲಸಗಳಲ್ಲಿ ಒಂದು ಮಂಗಳೂರಿನ ಸೆಮಿನರಿಯಲ್ಲಿ ಪಾಠ ಹೇಳುವುದು. ಅತಿ ದೂರ ಹೋಗಿ ಕಲಿತವನು ಹತ್ತಿರದವರಿಗೆ ಅವರ ನುಡಿಯಲ್ಲಿ ಕಲಿಸಿದ; ಇದು ಎಲ್ಲರಿಂದಲೂ ಆಗುವ ಮಾತಲ್ಲ. 1965ರಲ್ಲಿ ಆ ಸೆಮಿನರಿಯೂ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯೂ ಒಂದಾಗಿ ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಆಯಿತು. ಬಾಸೆಲ್ ಮಿಷನ್ನಿನ ಹಳೆಯ ಕನ್ನಡ ಪುಸ್ತಕ, ಕಾಗದಪತ್ರಗಳ ಸಂಗ್ರಹವೂ ಅಲ್ಲೇ ಇದೆ.

ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು 1910ರದು. ಇಂಗ್ಲಿಷ್ ಮಾಧ್ಯಮ, ದೇಶದ ಎಲ್ಲ ಕಡೆಯ ವಿದ್ಯಾರ್ಥಿಗಳು, ದೊಡ್ಡ ಗ್ರಂಥಾಲಯ. 1981ರಲ್ಲಿ ದೈವಶಾಸ್ತ್ರಜ್ಞ ಅರವಿಂದ ನಿರ್ಮಲ್ ದಲಿತ ದೈವಶಾಸ್ತ್ರಕ್ಕೆ ನಾಂದಿಯಾದ ಉಪನ್ಯಾಸ ಕೊಟ್ಟದ್ದು ಇದೇ ಕಾಲೇಜಿನಲ್ಲಿ. ಬೆಳಗಾವಿ ಜಿಲ್ಲೆಯ ಕೇರಿಗಳಿಂದ ಬಂದ ಕ್ರೈಸ್ತ ಹುಡುಗನಿಗೆ ಅದು ಪಠ್ಯಕ್ರಮದ ಒಂದು ಪಾಠವಷ್ಟೇ ಅಲ್ಲ, ತನ್ನ ಅಜ್ಜನ ಕಥೆ. 1950ರ ರಾಷ್ಟ್ರಪತಿಗಳ ಆದೇಶದಂತೆ ಕ್ರೈಸ್ತನಾದ ದಲಿತನಿಗೆ ಪರಿಶಿಷ್ಟ ಜಾತಿಯ ಸವಲತ್ತು ಇಲ್ಲ. ಮನೆಯ ಆ ಗಾಯದ ಬಗ್ಗೆ ಬೈಬಲ್ ಕೈಯಲ್ಲಿ ಹಿಡಿದು ಯೋಚಿಸುವುದು ಹೇಗೆಂದು ಕಲಿಸುವ ತರಗತಿ ಹಳ್ಳಿಯಲ್ಲಿ ಸಿಗದು.

ಮಂಗಳೂರಿನ ಮತ್ತು ಬೆಂಗಳೂರಿನ ಈ ಎರಡೂ ಕಾಲೇಜುಗಳು ಸೇರಿರುವುದು ಸೆರಾಂಪುರ ಸೆನೆಟ್ಟಿಗೆ. ವಿಲಿಯಂ ಕ್ಯಾರಿ ಮತ್ತು ಸಂಗಡಿಗರು 1818ರಲ್ಲಿ ಬಂಗಾಳದಲ್ಲಿ ಕಟ್ಟಿದ ಸೆರಾಂಪುರ ಕಾಲೇಜಿಗೆ ಪದವಿ ಕೊಡುವ ಅಧಿಕಾರ ಬಂದದ್ದು 1827ರಲ್ಲಿ ಡೆನ್ಮಾರ್ಕಿನ ರಾಜನ ಸನ್ನದಿನಿಂದ. ಊರು ಆಗ ಡೇನರ ಕೈಯಲ್ಲಿತ್ತು. 1918ರ ಕಾಯ್ದೆ ಪದವಿ ಕೊಡುವ ಆ ಅಧಿಕಾರವನ್ನು ಗಟ್ಟಿ ಮಾಡಿತು. ಸೆನೆಟ್ಟಿನ ಬಿ.ಡಿ. ಓದು ಪದವೀಧರರಿಗೆ ಸಾಮಾನ್ಯವಾಗಿ 4 ವರ್ಷ. ಹಿಬ್ರೂ, ಗ್ರೀಕ್, ಸಭಾ ಚರಿತ್ರೆ, ಇತರ ಧರ್ಮಗಳ ಅಧ್ಯಯನ, ವಾರಾಂತ್ಯಗಳಲ್ಲಿ ಸಭೆಗಳಲ್ಲಿ ಕೆಲಸ. ಈ ಎರಡು ಕಾಲೇಜುಗಳಲ್ಲದೆ ಬಂಗಾರಪೇಟೆಯ ಸೌತ್ ಇಂಡಿಯಾ ಬಿಬ್ಲಿಕಲ್ ಸೆಮಿನರಿಯಂಥವು, ಪುಣೆಯ ಯೂನಿಯನ್ ಬಿಬ್ಲಿಕಲ್ ಸೆಮಿನರಿಯಂಥವು ಇವೆ. ಒಂದೊಂದರ ನಂಬಿಕೆಯ ಒಲವು ಒಂದೊಂದು ತರಹ. ಇಂಥವುಗಳಲ್ಲಿ ಹಲವಕ್ಕೆ ಇರುವ ಏಷ್ಯಾ ಥಿಯಾಲಾಜಿಕಲ್ ಅಸೋಸಿಯೇಶನ್ನಿನ ಮಾನ್ಯತೆ ಸೆಮಿನರಿಗಳ ನಡುವೆ ನಡೆಯುವ ಮಾನ್ಯತೆ, ಸರ್ಕಾರದ್ದಲ್ಲ. ಆದರೂ ಅದಕ್ಕೊಂದು ಶಿಸ್ತಿದೆ. ಆರು ತಿಂಗಳ ‘ಡಾಕ್ಟರೇಟಿ’ಗೆ ಯಾವ ಶಿಸ್ತೂ ಇಲ್ಲ. ಕೇಳಬೇಕಾದ ಪ್ರಶ್ನೆ ಒಂದೇ: ನನ್ನ ಸಭೆ ಈ ಪದವಿಯನ್ನು ಒಪ್ಪುತ್ತದೆಯೇ?

ಇಂಗ್ಲಿಷ್ ಮಾಧ್ಯಮದಲ್ಲಿ ನಾಲ್ಕು ವರ್ಷ ಓದಿದವನು ಕಾಗವಾಡದ ಕಡೆಯ ಸಭೆಯಲ್ಲಿ ನಿಂತಾಗ ಆಗುವ ಪಜೀತಿ ನೋಡಿದವರಿಗೆ ಗೊತ್ತು. ಪ್ರಸಂಗದ ತುಂಬ ಸೆಮಿನರಿಯ ಶಬ್ದ; ಮುಂದೆ ಕೂತವರು ಕಬ್ಬು ಕಡಿದು ದಣಿದು ಬಂದವರು. ಅವರ ಕನ್ನಡಕ್ಕೆ ಅರ್ಧ ಮರಾಠಿ ಬೆರೆತಿದೆ. ಬೈಬಲ್ ಪೂರ್ತಿಯಾಗಿ ಕನ್ನಡಕ್ಕೆ ಬಂದು, ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ವಿಲಿಯಂ ರೀವ್ ಅದನ್ನು 1831ರಲ್ಲಿ ಮುಗಿಸಿ, ಇನ್ನೂರು ವರ್ಷವಾಗುತ್ತ ಬಂತು. ಅದರ ಮೇಲಿನ ಗಂಭೀರ ಓದು ಮಾತ್ರ ಈಗಲೂ ಬಹುಪಾಲು ಇಂಗ್ಲಿಷಿನಲ್ಲೇ. ನನ್ನನ್ನು ಕೇಳಿದರೆ, ಹಳ್ಳಿಯ ಸಭೆಗೇ ಮರಳುವ ಮನಸ್ಸಿರುವವನು ಮೊದಲು ಬಲ್ಮಠದ ಬಾಗಿಲು ತಟ್ಟಲಿ. ಬೆಂಗಳೂರು ಆಮೇಲೆಯೂ ಇರುತ್ತದೆ.

ಊರು ಬಿಡಲಾರದವನ ಗತಿಯೇನು? ಹೆಂಡತಿ, ಮಕ್ಕಳು, ಎರಡು ಎಕರೆ ಕಬ್ಬು ಇರುವ ಮೂವತ್ತೈದರ ಸಭಾ ಹಿರಿಯನನ್ನು ಯಾವ ಹಾಸ್ಟೆಲಿಗೂ ಕಳಿಸಲಾಗದು. ಊರಿನ ಜನ ನಂಬಿರುವುದು ಮಾತ್ರ ಅವನನ್ನೇ. ಗ್ವಾಟೆಮಾಲಾದ ಪ್ರೆಸ್ಬಿಟೇರಿಯನ್ನರಿಗೂ ಇದೇ ತಲೆನೋವಿತ್ತು. ಪಟ್ಟಣದ ಸೆಮಿನರಿಗೆ ಹೋದ ಹುಡುಗರು ಹಳ್ಳಿಗೆ ಮರಳುತ್ತಿರಲಿಲ್ಲ, ಹಳ್ಳಿಯ ನಿಜವಾದ ಮುಖಂಡರಿಗೆ ಸೆಮಿನರಿಗೆ ಬರಲಾಗುತ್ತಿರಲಿಲ್ಲ. 1963ರಲ್ಲಿ ಅವರು ಪಾಠವನ್ನೇ ಹಳ್ಳಿಗೆ ಒಯ್ದರು: ಮನೆಯಲ್ಲಿ ಓದು, ವಾರಕ್ಕೊಮ್ಮೆ ಮೇಷ್ಟರ ಜೊತೆ ಚರ್ಚೆ. ಅದೇ ಮಾದರಿ ಭಾರತಕ್ಕೆ ಬಂದು 1971ರಲ್ಲಿ ಬೆಂಗಳೂರು ಕೇಂದ್ರವಾಗಿ ‘ಟ್ಯಾಫ್ಟಿ’ ಸಂಸ್ಥೆ ಹುಟ್ಟಿತು. ಹಾಸ್ಟೆಲ್ ಓದಿನ ಮುಂದೆ ಇದನ್ನು ಕೀಳಾಗಿ ಕಾಣುವ ಚಾಳಿ ನಮ್ಮಲ್ಲಿದೆ. ಅದು ತಪ್ಪು. ವಾರದ ಚರ್ಚೆ ಇದ್ದರೆ ಅದು ತರಬೇತಿ. ಚರ್ಚೆ ಇಲ್ಲದೆ ಅಂಚೆಯಲ್ಲಿ ಬರುವ ಪುಸ್ತಕವಷ್ಟೇ ಆದರೆ, ಅದು ಬರಿಯ ಪುಸ್ತಕ.

ಹೆಣ್ಣುಮಕ್ಕಳ ಮಾತು ಬಂದಾಗ ‘ಪಾಸ್ಟರಮ್ಮ’ ಎಂದರೆ ಪಾಸ್ಟರನ ಹೆಂಡತಿ ಎಂದುಕೊಂಡು ಮುಗಿಸಿಬಿಡುವವರೇ ಹೆಚ್ಚು. ಸಿಎಸ್‌ಐನಲ್ಲಿ ಮಹಿಳೆಯರಿಗೆ ಗುರುದೀಕ್ಷೆ ಇದೆ. 2013ರಲ್ಲಿ ನಂದ್ಯಾಲದಲ್ಲಿ ಪುಷ್ಪಲಲಿತಾ ಅವರು ಬಿಷಪ್ ಆದರು, ಆ ಸಭೆಯ ಮೊದಲ ಮಹಿಳಾ ಬಿಷಪ್. ಸ್ವತಂತ್ರ ಸಭೆಗಳಲ್ಲಿ ಅನೇಕವು ಇದನ್ನು ಒಪ್ಪುವುದಿಲ್ಲ. ಹುಡುಗಿಯೊಬ್ಬಳು ಓದಿಗೆ ಹೊರಡುವ ಮೊದಲು ತನ್ನ ಸಭೆ ತನಗೆ ದೀಕ್ಷೆ ಕೊಡುತ್ತದೆಯೇ ಎಂದು ನೇರವಾಗಿ ಕೇಳುವುದು ಉದ್ಧಟತನವಲ್ಲ.

ಇನ್ನೊಂದು ವಿಷಯವನ್ನು ಯಾವ ಪ್ರಾಸ್ಪೆಕ್ಟಸ್ಸೂ ದಪ್ಪಕ್ಷರದಲ್ಲಿ ಮುದ್ರಿಸುವುದಿಲ್ಲ. ಪಾಸ್ಟರ್ ಆದವನನ್ನು ಊರು ಮೊದಲು ಕರೆಯುವುದು ಮದುವೆಗೆ. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಂತೆ ಸ್ವತಂತ್ರ ಸಭೆಯ ಪಾಸ್ಟರನಿಗೆ ಮದುವೆ ಮಾಡಿಸಲು ಸರ್ಕಾರದ ಲೈಸೆನ್ಸ್ ಬೇಕು, ರಿಜಿಸ್ಟರ್ ಇಡಬೇಕು. ಅಧಿಕಾರವಿಲ್ಲದೆ ಮಾಡಿಸಿದರೆ ಹತ್ತು ವರ್ಷದವರೆಗೂ ಜೈಲು ಎನ್ನುತ್ತದೆ ಅದರ 68ನೆಯ ಕಲಂ. ಮತಾಂತರದ ಕುರಿತು 2022ರಲ್ಲಿ ಕರ್ನಾಟಕದಲ್ಲಿ ಬಂದ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಕಾಯ್ದೆಯನ್ನೂ ಅವನು ಓದಿರಬೇಕು. ಗಡಿ ದಾಟಿ ಮಿರಜ, ಸಾಂಗಲಿಯಲ್ಲಿ ಕೂಟ ನಡೆಸುವವನು ಎರಡು ರಾಜ್ಯಗಳ ಕಾನೂನು ತಿಳಿದಿರಬೇಕು. ಬೈಬಲ್ ಸ್ಕೂಲಿಗೆ ಫೀಸು ಕಟ್ಟುವ ಮೊದಲು ಕೇಳಿ: ಇಲ್ಲಿಂದ ಹೋದವರಲ್ಲಿ ಎಷ್ಟು ಮಂದಿಗೆ ಆ ಲೈಸೆನ್ಸ್ ಇದೆ, ಅವರು ಈಗ ಯಾವ ಊರಲ್ಲಿದ್ದಾರೆ, ಅವರ ಫೋನ್ ನಂಬರ್ ಕೊಡುತ್ತೀರಾ ಎಂದು. ಕೊಟ್ಟರೆ ಅಲ್ಲಿಗೇ ಹೋಗಿ ಒಂದು ಭಾನುವಾರ ಹಿಂದಿನ ಸಾಲಿನಲ್ಲಿ ಕೂತು ಬನ್ನಿ.