ಅರಗಿನಿಂದ ಸಿಲಿಕೋನ್‌ವರೆಗೆ: ಹೆದ್ದಾರಿ ಗ್ಯಾರೇಜಿನ ಅಂಟಿನ ವಿದ್ಯೆ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಬರುವಾಗ ಐಮಂಗಲದ ಹತ್ತಿರ ನಮ್ಮ ಹಳೆಯ ಅಂಬಾಸಿಡರ್‌ನ ಆಯಿಲ್ ದೀಪ ಒಮ್ಮೆ ಹೊತ್ತಿಕೊಂಡಿತು. ಕಡ್ಡಿ ತೆಗೆದು ನೋಡಿದರೆ ಎಣ್ಣೆ ಭರ್ತಿ ಇದೆ. ಗಾಡಿಯನ್ನು ದುರ್ಗದವರೆಗೆ ಎಳೆಸಿಕೊಂಡು ಬಂದು ಎಂಜಿನ್ನಿನ ಅಡಿಯ ಎಣ್ಣೆತೊಟ್ಟಿ, ಅಂದರೆ ಚೇಂಬರ್, ಇಳಿಸಿದಾಗ ಕಾರಣ ಕಂಡಿತು. ಎಣ್ಣೆ ಹೀರುವ ಜಾಲರಿಯ ತುಂಬ ಶಾವಿಗೆಯಂಥ ಬೂದು ಎಳೆಗಳು. ಹಿಂದೆ ಯಾವುದೋ ಊರಿನಲ್ಲಿ ಚೇಂಬರ್ ಪ್ಯಾಕಿಂಗ್‌ಗೆ (ಗ್ಯಾಸ್ಕೆಟ್‌ಗೆ) ಧಾರಾಳವಾಗಿ ಬಳಿದಿದ್ದ ಸಿಲಿಕೋನ್ ಅದು. ಹೊರಗೆ ಉಕ್ಕಿದಷ್ಟೇ ಒಳಗೂ ಉಕ್ಕಿ, ಗಟ್ಟಿಯಾಗಿ, ಕಳಚಿ ಬಿದ್ದಿತ್ತು. “ಹೊರಗಡೆ ಬಂದಿದ್ದನ್ನ ಬಟ್ಟೇಲಿ ಒರೆಸ್ತಾರೆ ಸಾರ್. ಒಳಗಡೆಯದನ್ನ ಯಾರು ಒರೆಸ್ತಾರೆ?” ಎಂದರು ಗ್ಯಾರೇಜಿನ ಮೇಸ್ತ್ರಿ. ಆ ಮಾತು ಕೇಳಿದ ಮೇಲೆ ನಾನು ಪ್ಯಾಕಿಂಗ್, ಅಂಟಿನ ಈ ವಿದ್ಯೆಯನ್ನು ಹತ್ತಿರದಿಂದ ನೋಡತೊಡಗಿದೆ.

ಬೆಂಗಳೂರು–ಪುಣೆ ಹೆದ್ದಾರಿ ಹಿರಿಯೂರು, ಚಿತ್ರದುರ್ಗಗಳನ್ನು ಹಾದು ಹೋಗುತ್ತದೆ. ಶಿವಮೊಗ್ಗದ ದಾರಿ ಹೊಳಲ್ಕೆರೆಯ ಮೇಲೆ ಸಾಗುತ್ತದೆ. ಲಾರಿ, ಗಣಿಯ ಜೀಪು, ತೋಟದ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಲೇ ಇಲ್ಲಿನ ಕೈಗಳು ಪಳಗಿವೆ. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಹೊಸದುರ್ಗದ ತೆಂಗಿನ ತೋಟದ ಮನೆಯ ಶೆಡ್ಡಿನಲ್ಲಿ ಅಂಥದೊಂದು ಗಾಡಿ ಇದ್ದರೆ ಅದಕ್ಕೆ ಬೇಕಾದ ಪ್ಯಾಕಿಂಗ್ ಎಲ್ಲ ಸಲವೂ ಅಂಗಡಿಯಲ್ಲಿ ಸಿಗುವುದಿಲ್ಲ. ಮಾಡಿಕೊಳ್ಳಬೇಕು.

ಮಾಡುವುದನ್ನು ನೋಡಬೇಕು. ಪ್ಯಾಕಿಂಗ್ ಶೀಟನ್ನು ಕವರ್‌ನ ಬಾಯಿಯ ಮೇಲೆ ಹಾಸಿ, ಎಡಗೈಯಲ್ಲಿ ಅದುಮಿ ಹಿಡಿದು, ಗುಂಡುತಲೆಯ ಸಣ್ಣ ಸುತ್ತಿಗೆಯಿಂದ ಅಂಚಿನ ಮೇಲೆ ಟಕ್ ಟಕ್ ಎಂದು ಬಡಿಯುತ್ತಾ ಹೋಗುತ್ತಾರೆ. ಲೋಹದ ಅಂಚೇ ಶೀಟನ್ನು ಕತ್ತರಿಸುತ್ತದೆ. ಬೋಲ್ಟಿನ ತೂತಿನ ಮೇಲೆ ಹಳೆಯ ಬೇರಿಂಗ್ ಗುಂಡು ಇಟ್ಟು ಒಂದೇಟು ಹಾಕಿದರೆ ದುಂಡನೆಯ ಬಿಲ್ಲೆ ಕೆಳಗೆ ಬೀಳುತ್ತದೆ. ಮೊದಲು ಎರಡು ಮೂಲೆಯ ತೂತು ತೆಗೆದು, ಬೋಲ್ಟ್ ತೂರಿಸಿ, ಶೀಟು ಸರಿಯದಂತೆ ನಿಲ್ಲಿಸಿಕೊಂಡ ಮೇಲೆ ಉಳಿದದ್ದು. ಬಹಳ ದಿನ ಗೋಡೆಗೆ ತೂಗಿದ್ದ ಕಾರ್ಕ್ ಪ್ಯಾಕಿಂಗ್ ನಮ್ಮ ಬಯಲುಸೀಮೆಯ ಒಣಹವೆಗೆ ಕುಗ್ಗಿ ತೂತುಗಳು ಕೂಡದೆ ಹೋದರೆ, ಸ್ವಲ್ಪ ಹೊತ್ತು ಬಿಸಿನೀರಿನಲ್ಲಿ ನೆನೆಸುತ್ತಾರೆ. ಅಳತೆ ಮರಳಿ ಬರುತ್ತದೆ.

ಅಂಟಿನ ಮಾತು ಇದಾದ ಮೇಲೆ. ದುರ್ಗದ ಕೋಟೆಯಲ್ಲಿ ಗಾರೆಯಿಲ್ಲದೆ ಕಲ್ಲಿಗೆ ಕಲ್ಲು ಕೂಡಿಸಿದ ಗೋಡೆಗಳನ್ನು ನಾವೆಲ್ಲ ನೋಡಿದ್ದೇವೆ. ಎಂಜಿನ್ನಿನ ಮಾತೂ ಹಾಗೇ. ಎರಡು ಬಾಯಿಗಳು ಸಮನಾಗಿ ಕೂಡಿದರೆ ಅಂಟು ಹೆಸರಿಗಷ್ಟೇ ಸಾಕು. ಬಾಯಿ ಸೊಟ್ಟಗಿದ್ದರೆ ಟ್ಯೂಬುಗಟ್ಟಲೆ ಬಳಿದರೂ ಎಣ್ಣೆ ತನ್ನ ದಾರಿ ಹುಡುಕಿಕೊಳ್ಳುತ್ತದೆ.

ಹಳೆಯ ಮೇಸ್ತ್ರಿಗಳ ಅಂಟು ಶೆಲಾಕ್. ಮುತ್ತುಗದಂಥ ಮರಗಳ ಕೊಂಬೆಗಳಲ್ಲಿ ಹುಳು ಕಟ್ಟುವ ಅರಗನ್ನು ಶುದ್ಧಮಾಡಿ ಸ್ಪಿರಿಟ್ಟಿನಲ್ಲಿ ಕರಗಿಸಿದ್ದೇ ಇದು. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅದೇ ಅರಗು. ಪ್ಯಾಕಿಂಗ್‌ನ ಎರಡೂ ಮುಖಕ್ಕೆ ತೆಳ್ಳಗೆ ಸವರಿ, ಅಂಟಂಟಾಗುವವರೆಗೆ ಕಾದು, ಕೂರಿಸುತ್ತಾರೆ. ಎಣ್ಣೆಗೆ, ಪೆಟ್ರೋಲಿಗೆ ಜಗ್ಗುವುದಿಲ್ಲ. ಬಿಚ್ಚಬೇಕಾದಾಗ ಸ್ಪಿರಿಟ್ ಹಾಕಿ ಒರೆಸಿದರೆ ಬಿಟ್ಟುಕೊಳ್ಳುತ್ತದೆ. ಮುಂದೆ ಬಿಚ್ಚುವವನಿಗೂ ದಾರಿ ಉಳಿಸುವ ಈ ಗುಣಕ್ಕೇ ನಾನು ಶೆಲಾಕನ್ನು ಮೆಚ್ಚುವುದು.

ಆದರೆ ಕಾಲ ಬದಲಾಗಿದೆ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ಎಂದರೆ ಅರಗನ್ನು ಕರಗಿಸುವ ಸ್ಪಿರಿಟ್ಟೇ. ಹೀಗಾಗಿ ಪೆಟ್ರೋಲ್ ಪಂಪು, ಕಾರ್ಬುರೇಟರ್, ಟ್ಯಾಂಕಿನ ಜಾಗದಲ್ಲಿ ಶೆಲಾಕನ್ನು ಇನ್ನು ನಂಬುವಂತಿಲ್ಲ. ಅಲ್ಲಿ ಸಿಲಿಕೋನ್ ಅಂತೂ ಬೇಡವೇ ಬೇಡ. ಪೆಟ್ರೋಲ್ ತಾಗಿದರೆ ಅದು ಊದಿಕೊಂಡು ಲೋಳೆಯಾಗಿ ಕಿತ್ತು ಬರುತ್ತದೆ, ಜೆಟ್‌ನ ಸಣ್ಣ ತೂತಿಗೆ ಒಂದು ಚೂರು ಸಿಕ್ಕಿದರೂ ಗಾಡಿ ನಿಂತಿತು. ಬಾಯಿಯನ್ನು ಸಮನಾಗಿ ಉಜ್ಜಿ, ಒಳ್ಳೆಯ ಪ್ಯಾಕಿಂಗ್ ಹಾಕಿ, ರಬ್ಬರ್ ಪೈಪನ್ನು ಎಥೆನಾಲ್ ತಡೆಯುವಂಥದಕ್ಕೆ ಬದಲಿಸುವುದೇ ಸರಿ.

ಸಿಲಿಕೋನ್ ಕೆಟ್ಟದ್ದು ಎಂದಲ್ಲ. ಚೇಂಬರ್, ಟೈಮಿಂಗ್ ಕವರ್‌ಗಳ ಮೂಲೆಗಳಲ್ಲಿ, ಎರಡು ಪ್ಯಾಕಿಂಗ್ ಕೂಡುವ ಸಂದಿಯಲ್ಲಿ ಅದಕ್ಕೆ ಸಮನಾದದ್ದಿಲ್ಲ. ಅನಾಬಾಂಡ್‌ನಂಥ ಟ್ಯೂಬುಗಳು ಎಲ್ಲ ಅಂಗಡಿಯಲ್ಲೂ ಇವೆ. ಎಣ್ಣೆಯ ಪಸೆ ಪೂರ್ತಿ ಹೋಗುವಂತೆ ಒರೆಸಿ, ತೆಳುವಾದ ಒಂದೇ ಗೆರೆ ಎಳೆಯಬೇಕು; ಗೆರೆ ಬೋಲ್ಟಿನ ತೂತನ್ನು ಒಳಮಗ್ಗುಲಿನಿಂದ ಬಳಸಿ ಬರಬೇಕು. ಟ್ಯೂಬಿನಿಂದ ಬಿರುಸಾದ ಹುಳಿವಾಸನೆ ಬಂದರೆ ಹಿತ್ತಾಳೆ, ತಾಮ್ರದ ಭಾಗಕ್ಕೆ ಹಚ್ಚಬೇಡಿ, ಅದರ ಆಮ್ಲ ಲೋಹವನ್ನು ತಿನ್ನುತ್ತದೆ. ಇನ್ನೊಂದು ಸಂಗತಿ ನಮ್ಮ ಜಿಲ್ಲೆಗೆ ಮುಖ್ಯ: ಸಿಲಿಕೋನ್ ಗಟ್ಟಿಯಾಗುವುದು ಗಾಳಿಯ ತೇವವನ್ನು ಹೀರಿ. ಹಿರಿಯೂರಿನ ಬೇಸಿಗೆಯ ಒಣಗಾಳಿಯಲ್ಲಿ ಅದಕ್ಕೆ ಹೆಚ್ಚು ಹೊತ್ತು ಬೇಕು. ಸಂಜೆ ಹಚ್ಚಿ ರಾತ್ರಿಯೇ ಎಣ್ಣೆ ತುಂಬಿ ಹೊರಟರೆ ಸೋರುತ್ತದೆ. ಒಂದು ಇಡೀ ದಿನ ಬಿಡಿ.

ಹೆಡ್ ಪ್ಯಾಕಿಂಗ್ ವಿಚಾರ ಬೇರೆ. ತಯಾರಕರು ಹೇಳದ ಹೊರತು ಅದಕ್ಕೆ ಸಿಲಿಕೋನ್ ತಾಗಿಸಬಾರದು. ಹೆಡ್ಡನ್ನು ನೇರಪಟ್ಟಿ ಇಟ್ಟು ನೋಡಿ, ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಸುತ್ತಿನ ಮೇಲೆ ಸುತ್ತು ಬಿಗಿಯಬೇಕು. ಹಳೆಯ ಹೆಡ್ ಪ್ಯಾಕಿಂಗ್‌ಗಳಲ್ಲಿ ತಾಮ್ರದ ತಗಡಿನ ನಡುವೆ ಕಲ್ನಾರು ಇರುತ್ತಿತ್ತು. ಅದನ್ನು ಒಣಗಿದ್ದಾಗ ಕೆರೆಯಬೇಡಿ, ಗಾಳಿ ಹೊಡೆಯಬೇಡಿ. ನೀರು ಹಾಕಿ ನೆನೆಸಿ ತೆಗೆಯಿರಿ. ಆ ಧೂಳು ಶ್ವಾಸಕೋಶದಲ್ಲಿ ಕೂತರೆ ಕ್ಯಾನ್ಸರ್ ತರುತ್ತದೆ. ಗ್ಯಾರೇಜಿನ ಹುಡುಗರಿಗೆ ಇದನ್ನು ಹೇಳುವವರು ಕಡಿಮೆ, ಅದು ನನ್ನನ್ನು ಕಾಡುತ್ತದೆ.

ರಸ್ತೆಯ ಮೇಲಿನ ಉಪಾಯಗಳೂ ಈ ವಿದ್ಯೆಯ ಭಾಗವೇ. ಟ್ಯಾಂಕು ಹನಿಯುತ್ತಿದ್ದರೆ ಬಟ್ಟೆ ಒಗೆಯುವ ಸೋಪನ್ನು ಉಜ್ಜಿ ತುಂಬುತ್ತಾರೆ, ಅದು ಪೆಟ್ರೋಲಿಗೆ ಕರಗುವುದಿಲ್ಲ. ರೇಡಿಯೇಟರ್ ಸೋರಿದರೆ ಒಂದು ಹಿಡಿ ಅರಿಶಿನ ಪುಡಿ. ಎಂ-ಸೀಲ್ ಕೂಡ ಈ ಸಾಲಿನದೇ. ಊರು ಸೇರಿಸಲು ಅಷ್ಟು ಸಾಕು, ಊರು ಸೇರಿದ ಮೇಲೆ ಬೆಸುಗೆಯೇ ಆಗಬೇಕು.

ನಿಮ್ಮ ಶೆಡ್ಡಿನಲ್ಲೂ ಹಳೆಯ ಗಾಡಿ ಇದ್ದರೆ ಒಂದು ಬಿನ್ನಹ. ಚೇಂಬರ್‌ದೋ ಟೈಮಿಂಗ್ ಕವರ್‌ದೋ ಹಳೆಯ ಕಾಗದದ, ಕಾರ್ಕಿನ ಪ್ಯಾಕಿಂಗ್ ಬಿಚ್ಚಿದಾಗ ಗುಜರಿಗೆ ಎಸೆಯಬೇಡಿ. ಗಾಡಿಯ ಹೆಸರು ಬರೆದು ಮೇಸ್ತ್ರಿಯ ಕೈಗೆ ಕೊಡಿ, ಅವರು ಗೋಡೆಯ ಮೊಳೆಗೆ ತೂಗುಹಾಕುತ್ತಾರೆ. ಮುಂದಿನ ಗಾಡಿಗೆ ಶೀಟು ಕತ್ತರಿಸಲು ಅದೇ ಅಳತೆ.