ಘಾಟಿ ಏರಲು ಚಿಪ್ ಬೇಕೇ?

ಅಮೆರಿಕದ ವಿಡಿಯೊಗಳಲ್ಲಿ ಕಾಣುವ ಮೋಟರ್‌ಹೋಮ್ ನಮ್ಮ ಸುರಪುರ ಸೀಮೆಯ ರಸ್ತೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಆದರೆ ಅದರ ಬಡ ತಮ್ಮ ಇಲ್ಲೂ ಇದ್ದಾನೆ. ಯುಗಾದಿ ಹೊತ್ತಿಗೆ ಶ್ರೀಶೈಲಕ್ಕೆ ಹೊರಡುವ ಟೆಂಪೊ ಟ್ರಾವೆಲರ್ ನೋಡಿ. ಮೇಲೆ ಕ್ಯಾರಿಯರ್‌ನಲ್ಲಿ ಬೋಗುಣಿ, ಒಲೆ, ಜೋಳದ ಹಿಟ್ಟಿನ ಚೀಲ, ಒಳಗೆ ಹಾಸಿಗೆ ಸುತ್ತು, ನೀರಿನ ಕ್ಯಾನು, ಅವುಗಳ ನಡುವೆ ಜನ. ಮೂರು ದಿನ ಅದೇ ಮನೆ, ಅದೇ ಅಡುಗೆಮನೆ. ಮೋಟರ್‌ಹೋಮ್ ಮಾಲೀಕರನ್ನು ಕಾಡುವ ಪ್ರಶ್ನೆ ಇಂಥ ಗಾಡಿಯ ಮಾಲೀಕರನ್ನೂ ಕಾಡುತ್ತದೆ: ಭಾರ ಹೊತ್ತು ಏರು ಹತ್ತುವಾಗ ಎಂಜಿನ್ ಸಾಲುತ್ತಿಲ್ಲ, ಹೊರಗಿನಿಂದ ಒಂದು ಟ್ಯೂನರ್ ಹಾಕಿಸಿಬಿಡೋಣವೇ?

ನಾರಾಯಣಪುರದ ನಮ್ಮ ಕಾಕಾ ಇಂಥದೊಂದು ಹಳದಿ ಬೋರ್ಡಿನ ಗಾಡಿ ಇಟ್ಟಿದ್ದಾರೆ. ಬಿಎಸ್-4 ಕಾಲದ್ದು, ಸೆಕೆಂಡ್ ಹ್ಯಾಂಡ್, ಸಾಲದ ಕಂತು ಇನ್ನೂ ಎರಡು ವರ್ಷ ಬಾಕಿ. ‘ಘಾಟಿನ್ಯಾಗ ಗಾಡಿ ಏರವಲ್ದು ತಮ್ಮಾ. ಕರಿ ಹೊಗಿ ಬ್ಯಾರೆ. ಚಿಪ್ ಕುಂದರಿಸಿದ್ರ ಇಪ್ಪತ್ತೈದು ಪರ್ಸೆಂಟ್ ಪವರ್ ಜಾಸ್ತಿ ಆಗ್ತದ ಅಂತಾರ, ಇಪ್ಪತ್ತೈದು ಸಾವಿರ ಕೇಳ್ಯಾರ. ನೀ ಬಿ.ಇ. ಓದ್ಲಿಕತ್ತಿದಿ, ಹಾಕಿಸ್ಲೋ ಬ್ಯಾಡೋ?’ ಎಂದು ಕೇಳಿದರು. ಮೂರನೇ ವರ್ಷದ ಮೆಕ್ಯಾನಿಕಲ್ ವಿದ್ಯಾರ್ಥಿಗೆ ಪರೀಕ್ಷೆಯಲ್ಲೂ ಇಷ್ಟು ನೇರ ಪ್ರಶ್ನೆ ಬರುವುದಿಲ್ಲ.

ಈಗಿನ ಡೀಸೆಲ್ ಎಂಜಿನ್‌ಗೆ ಇಸಿಯು ಎಂಬ ಪುಟ್ಟ ಕಂಪ್ಯೂಟರ್ ಇರುತ್ತದೆ. ಎಷ್ಟು ಡೀಸೆಲ್, ಯಾವ ಕ್ಷಣದಲ್ಲಿ, ಎಷ್ಟು ಒತ್ತಡದಲ್ಲಿ ಸಿಂಪಡಿಸಬೇಕು ಎಂದು ಅದರೊಳಗಿನ ಕೋಷ್ಟಕಗಳು ಹೇಳುತ್ತವೆ. ಟ್ಯೂನರ್‌ಗಳಲ್ಲಿ ಎರಡು ಬಗೆ. ಒಂದು, ಸೆನ್ಸರ್‌ನ ವೈರಿಗೆ ಸಿಕ್ಕಿಸುವ ಡಬ್ಬಿ. ಡೀಸೆಲ್ ಪೈಪಿನ ಒತ್ತಡ ಇರುವುದಕ್ಕಿಂತ ಕಡಿಮೆ ಇದೆ ಎಂದು ಅದು ಇಸಿಯುಗೆ ಸುಳ್ಳು ಹೇಳುತ್ತದೆ. ಇಸಿಯು ಅದನ್ನು ನಂಬಿ ಒತ್ತಡ ಏರಿಸುತ್ತದೆ. ಹೆಚ್ಚು ಡೀಸೆಲ್ ಒಳಗೆ ಹೋಗುತ್ತದೆ. ಇನ್ನೊಂದು, ಲ್ಯಾಪ್‌ಟಾಪ್ ಜೋಡಿಸಿ ಕೋಷ್ಟಕಗಳನ್ನೇ ತಿದ್ದುವುದು. ಎರಡರಿಂದಲೂ ಎಳೆತ ಹೆಚ್ಚುವುದು ನಿಜ. ಅದನ್ನು ಬರೀ ಮೋಸ ಎನ್ನಲಾಗದು.

‘ಕಂಪನಿಯವರು ಬೇಕಂತಲೇ ಶಕ್ತಿ ಕಟ್ಟಿಹಾಕಿರುತ್ತಾರೆ, ನಾವು ಬಿಚ್ಚುತ್ತೇವೆ ಅಷ್ಟೇ’ ಎಂಬುದು ಟ್ಯೂನ್ ಮಾಡುವವರ ಮಾತು. ಅರ್ಧ ಸತ್ಯ. ನಮ್ಮೂರಿನ ಎಡದಂಡೆ ಕಾಲುವೆಯನ್ನೇ ನೋಡಿ. ನೀರು ತುಂಬಿ ಹರಿಯುವಾಗಲೂ ಮಟ್ಟಕ್ಕಿಂತ ಮೇಲೆ ಒಂದಿಷ್ಟು ಲೈನಿಂಗ್ ಒಣಗಿಯೇ ಇರುತ್ತದೆ. ಜಾಗ ಖಾಲಿ ಇದೆ ಎಂದು ಇನ್ನಷ್ಟು ನೀರು ಬಿಟ್ಟರೆ, ಗಾಳಿಗೆ ಅಲೆ ಎದ್ದ ದಿನ, ಕೆಳಗೆ ಗೇಟು ಕೆಟ್ಟ ದಿನ ದಂಡೆ ಒಡೆಯುತ್ತದೆ. ಎಂಜಿನ್‌ನಲ್ಲಿ ಉಳಿಸಿದ ಶಕ್ತಿಯೂ ಹಾಗೆಯೇ: ಸುಡುಬೇಸಿಗೆಗೆ, ಕಲಬೆರಕೆ ಡೀಸೆಲ್‌ಗೆ, ತಡವಾಗಿ ಬದಲಿಸಿದ ಆಯಿಲ್‌ಗೆ ಇಟ್ಟದ್ದು.

ಬೇಸಿಗೆಯ ಲೆಕ್ಕವನ್ನು ನಾನೇ ಹಾಕಿ ನೋಡಿದೆ. ಉರಿದ ಡೀಸೆಲ್‌ನ ಶಕ್ತಿಯಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮಾತ್ರ ಕೆಲಸಕ್ಕೆ ಬರುತ್ತದೆ. ಉಳಿದದ್ದು ಸೈಲೆನ್ಸರ್‌ನಿಂದ, ರೇಡಿಯೇಟರ್‌ನಿಂದ ಬಿಸಿಯಾಗಿ ಹೋಗಬೇಕು. ಶಕ್ತಿ ಕಾಲು ಭಾಗ ಹೆಚ್ಚಿಸಿದರೆ ಹೊರಹಾಕಬೇಕಾದ ಬಿಸಿಯೂ ಸುಮಾರು ಅಷ್ಟೇ ಹೆಚ್ಚುತ್ತದೆ. ರೇಡಿಯೇಟರ್ ಎಷ್ಟು ಬಿಸಿ ಬಿಡುತ್ತದೆ ಎಂಬುದು ಅದರೊಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರದ ಮೇಲೆ ನಿಂತಿದೆ. ನೀರು 95 ಡಿಗ್ರಿ, ಗಾಳಿ 25 ಡಿಗ್ರಿ ಇದ್ದರೆ ಅಂತರ 70. ನಮ್ಮ ಯಾದಗಿರಿ ಜಿಲ್ಲೆಯ ಬಿಸಿಲಿನಲ್ಲಿ ಗಾಳಿ 42 ಆದರೆ ಅಂತರ 53. ಅಂದರೆ ಬಿಸಿಲೇ ರೇಡಿಯೇಟರ್‌ನ ಶಕ್ತಿಯ ಕಾಲು ಭಾಗ ಕಿತ್ತುಕೊಂಡಿದೆ. ಅದೇ ಹೊತ್ತಿಗೆ ಚಿಪ್ ಕಾಲು ಭಾಗ ಬಿಸಿ ಹೆಚ್ಚಿಸುತ್ತದೆ. ಖಾಲಿ ಕಾರು ಓವರ್‌ಟೇಕ್ ಮಾಡಲು ಹತ್ತು ಸೆಕೆಂಡು ಪೂರ್ತಿ ಶಕ್ತಿ ಬಳಸಿದರೆ ಇದು ಗೊತ್ತೇ ಆಗುವುದಿಲ್ಲ. ತುಂಬಿದ ಗಾಡಿ ನಲ್ಲಮಲ ಘಾಟಿಯನ್ನು ನಿಮಿಷಗಟ್ಟಲೆ ಹತ್ತುವಾಗ ಎಲ್ಲವೂ ಗೊತ್ತಾಗುತ್ತದೆ. ಟರ್ಬೊ, ಹೆಡ್ ಗ್ಯಾಸ್ಕೆಟ್, ಕ್ಲಚ್ ಇವು ಯಾವುವೂ ಇಪ್ಪತ್ತೈದು ಸಾವಿರಕ್ಕೆ ಬಗ್ಗುವ ಕೆಲಸಗಳಲ್ಲ. ಕಾಡಿನ ರಸ್ತೆ ಅದು, ರಾತ್ರಿ ಅರಣ್ಯ ಇಲಾಖೆಯವರು ಗೇಟು ಹಾಕುತ್ತಾರೆ. ಅಲ್ಲಿ ಹೆಂಗಸರು, ಮಕ್ಕಳ ಸಮೇತ ಗಾಡಿ ನಿಂತರೆ?

ಇನ್ನು ನನಗೇ ಅಚ್ಚರಿ ತಂದ ಲೆಕ್ಕ. ನಾಲ್ಕು ಟನ್ ತೂಕದ ಗಾಡಿ, ಹದಿನೈದು ಅಡಿಗೆ ಒಂದು ಅಡಿ ಏರುವ ರಸ್ತೆ, ಗಂಟೆಗೆ 40 ಕಿ.ಮೀ. ವೇಗ ಎಂದು ಹಿಡಿಯಿರಿ. ಚಕ್ರಕ್ಕೆ ಬೇಕಾಗುವುದು ಸುಮಾರು 48 ಅಶ್ವಶಕ್ತಿ. ಗೇರುಗಳ ನಷ್ಟ, ಏಸಿ ಎಲ್ಲ ಸೇರಿಸಿದರೂ 60ರ ಹತ್ತಿರ. ಇಂಥ ಗಾಡಿಗಳ ಎಂಜಿನ್ ನೂರರ ಆಸುಪಾಸಿನವು. ಹಾಗಿದ್ದರೆ ಶಕ್ತಿ ಸಾಲದಿರುವುದು ಹೇಗೆ? ಒಂದು, ಡ್ರೈವರ್ ಮೇಲಿನ ಗೇರಿನಲ್ಲೇ ಎಳೆಯುತ್ತಿರಬಹುದು. ಆರ್‌ಪಿಎಂ ಇಳಿದರೆ ಆ ನೂರು ಅಶ್ವಶಕ್ತಿ ಕೈಗೆ ಸಿಗುವುದೇ ಇಲ್ಲ. ಇಲ್ಲವೇ ಎಂಜಿನ್‌ಗೆ ಏನೋ ಕಾಯಿಲೆ ಇದೆ. ಕರಿ ಹೊಗೆ ಎಂದು ಕಾಕಾ ಹೇಳಿದ್ದರಲ್ಲ, ಸುಳಿವು ಅಲ್ಲೇ ಇತ್ತು. ಡೀಸೆಲ್‌ಗೆ ತಕ್ಕಷ್ಟು ಗಾಳಿ ಸಿಗದಿದ್ದಾಗ ಕರಿ ಹೊಗೆ ಬರುತ್ತದೆ. ಗಾಳಿ ಸಾಲದೆ ಏದುಸಿರು ಬಿಡುವ ಎಂಜಿನ್‌ಗೆ ಚಿಪ್ ಇನ್ನಷ್ಟು ಡೀಸೆಲ್ ಕುಡಿಸುತ್ತದೆ!

ಸುರಪುರದ ಮಿಸ್ತ್ರಿಯೊಬ್ಬರು ಬಿಚ್ಚಿ ನೋಡಿದರು. ಏರ್ ಫಿಲ್ಟರ್ ತುಂಬ ಎರೆಮಣ್ಣಿನ ಧೂಳು. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ರಬ್ಬರ್ ಹೋಸ್‌ನ ಅಡಿಭಾಗದಲ್ಲಿ ಸೀಳು, ಕಣ್ಣಿಗೆ ಕಾಣದ ಜಾಗ. ರೇಡಿಯೇಟರ್‌ನ ಜಾಲರಿಯಲ್ಲಿ ಹತ್ತಿಯ ಎಳೆ ಸಿಕ್ಕಿಕೊಂಡು ಕಂಬಳಿಯಂತಾಗಿತ್ತು. ಹತ್ತಿ ಸುಗ್ಗಿಯಲ್ಲಿ ನಮ್ಮ ಕಡೆ ಓಡಾಡುವ ಎಲ್ಲ ಗಾಡಿಗಳ ಪಾಡೂ ಇದೇ. ಎಲ್ಲ ಸರಿಪಡಿಸಲು ಚಿಪ್‌ಗೆ ಕೇಳಿದ ಹಣದ ಹತ್ತರಲ್ಲೊಂದು ಪಾಲೂ ಆಗಲಿಲ್ಲ. ಕ್ಯಾರಿಯರ್ ಮೇಲಿನ ಭಾರ ಇಳಿಸಿ ಎಂದೂ ಹೇಳಿದೆ. ‘ಬೋಗುಣಿ ಬಿಟ್ಟು ಹೋದ್ರ ಮಂದಿ ಏನ್ ತಿಂತಾರಪಾ?’ ಎಂದರು ಕಾಕಾ. ಆ ವಾದದಲ್ಲಿ ನಾನು ಗೆದ್ದಿಲ್ಲ.

ಕಾನೂನಿನ ಮಾತೂ ಇದೆ. ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗಿ ಗಾಡಿ ಬದಲಿಸಬಾರದು ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. 2019ರ ಜನವರಿಯಲ್ಲಿ ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಚಿತಪಡಿಸಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ. ಗಮನಿಸಿ, ಇದು ಮಾಲೀಕನಿಗೆ. ಅಪಘಾತವಾದರೆ ವಿಮಾ ಕಂಪನಿಗೆ ತಕರಾರು ತೆಗೆಯಲು ನಾವೇ ಕಾರಣ ಕೊಟ್ಟಂತೆ. 2020ರ ಏಪ್ರಿಲ್ ನಂತರದ ಬಿಎಸ್-6 ಗಾಡಿಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರನ್ನೇ ತೆಗೆದುಹಾಕಿ ಟ್ಯೂನ್ ಮಾಡುವವರೂ ಇದ್ದಾರೆ. ಆ ಮಸಿ ಕುಡಿಯುವವರು ಹಿಂದೆ ಬೈಕಿನಲ್ಲಿ ಬರುವ ನಾವೇ.

ನನ್ನ ತರಗತಿಯ ಇಬ್ಬರಿಗೆ ಈ ಕೆಲಸ ಕಲಿತು ಅಂಗಡಿ ಇಡುವ ಆಸೆ. ಕ್ಯಾಂಪಸ್ ಸಂದರ್ಶನಕ್ಕೆ ಕಂಪನಿಗಳು ಬಾರದ ಊರುಗಳಲ್ಲಿ ಇಂಥ ಆಸೆ ಸಹಜ. ಆದರೆ ಇದೇ ವಿದ್ಯೆಗೆ ಕ್ಯಾಲಿಬ್ರೇಶನ್ ಎಂಬ ಇನ್ನೊಂದು ಹೆಸರಿದೆ, ಬೆಂಗಳೂರು, ಪುಣೆಗಳಲ್ಲಿ ಅದೊಂದು ಉದ್ಯೋಗ. ಒಂದೇ ಎಂಜಿನನ್ನು ಸುಡುಬಿಸಿಲಲ್ಲಿ, ಕೊರೆವ ಚಳಿಯಲ್ಲಿ, ಎತ್ತರದ ಬೆಟ್ಟದಲ್ಲಿ ಓಡಿಸಿ, ಅಳೆದು, ಆಮೇಲೆ ಕೋಷ್ಟಕದ ಒಂದೊಂದು ಅಂಕಿ ಬರೆಯುವ ಕೆಲಸ. ಆ ಅಂಕಿಗಳನ್ನು ಒಂದು ಮಧ್ಯಾಹ್ನದಲ್ಲಿ ತಿದ್ದುವವರಿಗೆ ಕಾಕಾನ ಪರವಾಗಿ ನಾನು ಫೋನ್ ಮಾಡಿ ಎರಡೇ ಪ್ರಶ್ನೆ ಕೇಳಿದ್ದೆ: ಪೂರ್ತಿ ಭಾರದಲ್ಲಿ ಟರ್ಬೊಗೆ ಹೋಗುವ ಹೊಗೆಯ ಉಷ್ಣತೆ ಎಷ್ಟಾಗುತ್ತದೆ? 42 ಡಿಗ್ರಿ ಬಿಸಿಲಲ್ಲಿ ಓಡಿಸಿ ನೋಡಿದ್ದೀರಾ?

‘ಗಾಡಿ ತಗೊಂಡು ಬರ್ರಿ ಸರ್, ನೋಡೋಣ’ ಎಂದರು.