ಮಸೂರದ ಮುಂದೊಂದು ಮಸೂರ

ಮೊಬೈಲು ಬಂದ ಬಳಿಕ ಕ್ಯಾಮ್‌ಕಾರ್ಡರಿನ ಕಾಲ ಮುಗಿಯಿತೆನ್ನುವವರುಂಟು. ಆದರೂ ಪುಣೆಯ ಕನ್ನಡಿಗರ ಮನೆಗಳಲ್ಲಿ ಉಪನಯನವೋ ಷಷ್ಟ್ಯಬ್ದಿಯೋ ಒದಗಿದಾಗ ಅದನ್ನು ಕಪಾಟಿನಿಂದ ಹೊರತೆಗೆಯುವವರು ಇನ್ನೂ ಇದ್ದಾರೆ. ಹಳೆಯ ವಾಡೆಯ ಕಿರುಕೋಣೆಯಲ್ಲಾಗಲಿ, ಹೊಸ ಬಡಾವಣೆಯ ಪುಟ್ಟ ಮನೆಯಲ್ಲಾಗಲಿ ಅವರಿಗೆ ಎದುರಾಗುವ ತೊಡಕು ಒಂದೇ: ಬೆನ್ನು ಗೋಡೆಗೆ ತಾಗಿದರೂ ದೃಶ್ಯವೆಲ್ಲ ಚೌಕಟ್ಟಿನೊಳಗೆ ಬಾರದು. ಹೊರಗುಳಿಯುವವರು ಹಲವು ವೇಳೆ ಅಂಚಿನಲ್ಲಿ ಕುಳಿತ ಹಿರಿಯರೇ. ಅವರನ್ನು ಮತ್ತೊಮ್ಮೆ ಚಿತ್ರಿಸುವ ಅವಕಾಶ ದೊರೆಯುವುದೆಂಬ ಭರವಸೆಯಾದರೂ ಎಲ್ಲಿದೆ? ಕ್ಯಾಮರಾದ ಮಸೂರದ ಮುಂದೆ ತಿರುಪಿ ಕೂಡಿಸುವ ಕನ್ವರ್ಟರ್ ಮಸೂರವು ಇದಕ್ಕೊಂದು ಪರಿಹಾರ.

ಈ ಯುಕ್ತಿ ಹೊಸದಲ್ಲ. ಮಸೂರದ ಮುಂದೆ ಇನ್ನೊಂದು ಮಸೂರವನ್ನಿಟ್ಟು ವಿಶಾಲ ದೃಶ್ಯವನ್ನು ಕಿರಿದಾದ ಫಿಲ್ಮಿನಲ್ಲಿ ಅಡಕಗೊಳಿಸುವ ತತ್ತ್ವದಿಂದಲೇ 1953ರಲ್ಲಿ ಸಿನೆಮಾಸ್ಕೋಪ್ ಬಳಕೆಗೆ ಬಂದಿತು. ಭಾರತದ ಮೊದಲ ಸಿನೆಮಾಸ್ಕೋಪ್ ಚಿತ್ರ 1959ರ 'ಕಾಗಜ್ ಕೇ ಫೂಲ್'. ಅದರ ಛಾಯಾಗ್ರಾಹಕರು ಮೈಸೂರಿನ ವಿ. ಕೆ. ಮೂರ್ತಿಯವರು, ನಿರ್ದೇಶಕ ಗುರುದತ್ತರು ಬೆಂಗಳೂರಿನಲ್ಲಿ ಜನಿಸಿ, ಇದೇ ಪುಣೆಯ ಪ್ರಭಾತ್ ಸ್ಟುಡಿಯೋದಲ್ಲಿ ಚಿತ್ರರಂಗದ ಮೊದಲ ಪಾಠಗಳನ್ನು ಕಲಿತವರು. ಗೃಹಸ್ಥರ ಕನ್ವರ್ಟರ್ ಅಷ್ಟು ಘನವಾದ ವಸ್ತುವಲ್ಲ. ಆದರೆ ಆರಿಸುವಾಗ ಎಚ್ಚರ ಬೇಕು.

ಮೊದಲು ನೋಡತಕ್ಕದ್ದು ತಿರುಪಿನ ಅಳತೆ. ಮಸೂರದ ಮುಂಬಳೆಯ ಮೇಲೆ ಅಥವಾ ಕೈಪಿಡಿಯಲ್ಲಿ 30, 37, 43 ಮಿಲಿಮೀಟರ್ ಎಂದು ನಮೂದಿಸಿರುತ್ತದೆ. ದೊಡ್ಡ ಕನ್ವರ್ಟರನ್ನು ಹೊಂದಿಕೆ ಬಳೆಯ ಮೂಲಕ ಚಿಕ್ಕ ತಿರುಪಿಗೆ ಕೂಡಿಸಬಹುದು. ಚಿಕ್ಕದನ್ನು ದೊಡ್ಡದಕ್ಕೆ ಕೂಡಿಸಿದರೆ ಚಿತ್ರದ ಮೂಲೆಗಳು ಕಪ್ಪಾಗಬಹುದು.

ಎರಡನೆಯದು ಶಕ್ತಿ. ಆರು ಅಡಿ ಅಗಲವನ್ನು ಕಾಣುತ್ತಿದ್ದ ಕ್ಯಾಮರಾ 0.7ರ ಮಸೂರದೊಡನೆ ಅದೇ ಸ್ಥಳದಿಂದ ಸುಮಾರು ಎಂಟೂವರೆ ಅಡಿಯನ್ನು ಕಾಣುತ್ತದೆ, 0.5ರದಾದರೆ ಹನ್ನೆರಡು ಅಡಿ. ಆದರೆ ಆಸೆ ಹೆಚ್ಚಿದಂತೆ ಬಾಗಿಲ ಚೌಕಟ್ಟು ಬಿಲ್ಲಿನಂತೆ ಬಾಗುತ್ತದೆ, ಅಂಚಿನ ಮುಖಗಳು ಹಿಗ್ಗುತ್ತವೆ. ಯಾರಿಗಾಗಿ ಮಸೂರವನ್ನು ಕೊಂಡೆವೋ ಅವರ ಮುಖವೇ ಕೆಟ್ಟರೆ ಫಲವೇನು? ಮನೆಯ ಸಮಾರಂಭಕ್ಕೆ 0.7 ಸಾಕು.

ದೂರವನ್ನು ಹತ್ತಿರಕ್ಕೆ ತರುವ ಟೆಲಿ ಕನ್ವರ್ಟರಿನ ಮಾತು ಬೇರೆ. ವಿಸರ್ಜನೆಯ ದಿನ ಲಕ್ಷ್ಮೀ ರಸ್ತೆಯ ಮಾಳಿಗೆಯಿಂದ ಮೆರವಣಿಗೆಯನ್ನು ಚಿತ್ರಿಸುವವರಿಗೆ ಅದು ಉಪಯುಕ್ತ. ಡಿಜಿಟಲ್ ಜೂಮ್ ಇರುವ ಚುಕ್ಕೆಗಳನ್ನೇ ಹಿಗ್ಗಿಸುತ್ತದೆ. ಟೆಲಿ ಮಸೂರವು ನಿಜವಾದ ವಿವರಗಳನ್ನು ತರುತ್ತದೆ. ಆದರೆ 2ರ ಮಸೂರವು ಕೈಯ ನಡುಕವನ್ನೂ ಇಮ್ಮಡಿಗೊಳಿಸುವುದರಿಂದ ಮುಕ್ಕಾಲಿ ಅವಶ್ಯ.

ಕೊಳ್ಳುವ ಮುನ್ನ ಸ್ವಂತ ಕ್ಯಾಮರಾವನ್ನು ಅಂಗಡಿಗೆ ಒಯ್ಯಿರಿ. ಗೋಡೆಗೆ ದಿನಪತ್ರಿಕೆಯೊಂದನ್ನು ಹಚ್ಚಿ ಚಿತ್ರಿಸಿ, ಮೂಲೆಯ ಅಕ್ಷರಗಳು ಸ್ಫುಟವಾಗಿವೆಯೇ, ಅವುಗಳ ಅಂಚಿನಲ್ಲಿ ಬಣ್ಣದ ಗೆರೆ ಮೂಡಿದೆಯೇ ಎಂದು ಪರೀಕ್ಷಿಸಿರಿ. ಜೂಮ್ ಮಾಡಿಯೂ ನೋಡಿರಿ. ಕೆಲವು ವಿಶಾಲಕೋನ ಮಸೂರಗಳು ಆಗ ದೃಶ್ಯವನ್ನು ಮಸುಕುಗೊಳಿಸುತ್ತವೆ. ಹಳೆಯ ಸರಕಾದರೆ ದೀಪಕ್ಕೆ ಹಿಡಿದು, ಮಳೆಗಾಲದ ತೇವದಿಂದ ಜೇಡರ ಬಲೆಯಂತೆ ಬೂಷ್ಟು ಹಬ್ಬಿಲ್ಲವೆಂದು ಖಾತ್ರಿ ಮಾಡಿಕೊಳ್ಳಿರಿ.

ಇಷ್ಟಾದರೂ ಮೊದಲು ಮಾಡಬೇಕಾದುದು ಒಂದಿದೆ: ಬಾಗಿಲು ತೆರೆದು ಹೊಸ್ತಿಲಾಚೆ ಎರಡು ಹೆಜ್ಜೆ ಹಿಂದೆ ಸರಿಯಿರಿ. ಹಿರಿಯರೆಲ್ಲ ಚೌಕಟ್ಟಿನೊಳಗೆ ಬಂದರೆ ಮಸೂರದ ಹಣ ಉಳಿಯಿತು.